ಗೆರೆಯ ಮೇಲಿನ ಗಿಡ

ಎಣಿಸುವುದು ನನ್ನ ಉದ್ಯೋಗ. ಬಿ.ಎ.ಯಲ್ಲಿ ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದಿ ಬ್ಯಾಂಕೊಂದರ ಕೌಂಟರಿನ ಹಿಂದೆ ಕುಳಿತವನಿಗೆ ಇಪ್ಪತ್ತು ವರ್ಷ ಕಳೆದದ್ದೇ ತಿಳಿಯಲಿಲ್ಲ. ನೋಟು ಎಣಿಸುವ ಯಂತ್ರ ಬಂದ ಮೇಲೆ ಬೆರಳಿನ ಕೆಲಸ ಕಡಿಮೆಯಾಗಿದೆ. ಆದರೂ ಸಂಜೆ ಲೆಕ್ಕ ತಾಳೆಯಾಗುವವರೆಗೆ ಕುರ್ಚಿ ಬಿಟ್ಟೇಳುವಂತಿಲ್ಲ ಎಂಬ ನಿಯಮ ಮಾತ್ರ ಹಾಗೆಯೇ ಉಳಿದಿದೆ. ಇಂಥ ನನ್ನನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ಎಣಿಸಲು ಕೂರಿಸಿದವಳು ನನ್ನ ತಂಗಿ.

ತಂಗಿಯ ಗಂಡ ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಾನೆ. ಅವಳು ಕಂಬಂ ಕಣಿವೆಯ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ‘ಪೊಂಗಲ್ ಕಳೆದ ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಕಾಡಿನಂಚಿಗೆ ಕರೆದೊಯ್ಯಬೇಕು, ಒಬ್ಬರು ದೊಡ್ಡವರು ಜತೆಗೆ ಬೇಕು, ನೀನು ಬಾ’ ಎಂದು ಫೋನು ಮಾಡಿದಳು. 2024ರ ಜನವರಿ 20 ತಿಂಗಳ ಮೂರನೆಯ ಶನಿವಾರ, ಬ್ಯಾಂಕಿಗೆ ರಜೆಯಲ್ಲ. ರಜೆ ಚೀಟಿಯಲ್ಲಿ ‘ಕೌಟುಂಬಿಕ ಕಾರಣ’ ಎಂದು ಬರೆದೆ. ಗಿಡ ಎಣಿಸಲು ಹೋಗುತ್ತೇನೆಂದರೆ ಯಾವ ಮ್ಯಾನೇಜರು ತಾನೆ ಸಹಿ ಹಾಕುತ್ತಾರೆ?

ಕಾಸರಗೋಡಿನಿಂದ ಪಾಲಕ್ಕಾಡು, ಅಲ್ಲಿಂದ ಪಳನಿಯ ಮೇಲೆ ಹೋಗುವ ರೈಲಿನಲ್ಲಿ ದಿಂಡಿಗಲ್. ಊರ ನೆತ್ತಿಯ ಮೇಲೆ ದಿಂಬಿನಂತೆ ಬಿದ್ದಿರುವ ಬಂಡೆಯೂ ಅದರ ಮೇಲಿನ ಕೋಟೆಯೂ ರೈಲಿನಿಂದಲೇ ಕಾಣುತ್ತವೆ. ಹೈದರಾಲಿ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಬಂದು ಬಲಿತದ್ದು ಇಲ್ಲಿಯೇ. ಇತಿಹಾಸದ ವಿದ್ಯಾರ್ಥಿಗೆ ಇಳಿದು ನೋಡುವ ಆಸೆ ಇದ್ದರೂ ತೇನಿಯ ಬಸ್ಸು ಹೊರಟು ನಿಂತಿತ್ತು.

ಕಂಬಂ ಕಣಿವೆಯನ್ನು ಕಾಣದವರಿಗೆ ಎರಡು ಮಾತು. ಪಶ್ಚಿಮಕ್ಕೆ ಇಡುಕ್ಕಿಯ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ, ನಡುವೆ ಮಳೆನೆರಳಿನ ಪಟ್ಟಿ. 1895ರಲ್ಲಿ ಪೆರಿಯಾರಿನ ನೀರು ಸುರಂಗದಲ್ಲಿ ಇತ್ತ ಹರಿದುಬಂದ ಮೇಲೆ ಇಲ್ಲಿ ಭತ್ತ, ತೆಂಗು, ಬಾಳೆ, ದ್ರಾಕ್ಷಿ ಎಲ್ಲವೂ ಆದವು. ಅಣೆಕಟ್ಟು ಕಟ್ಟಿಸಿದ ಪೆನ್ನಿಕ್ವಿಕ್ ದೊರೆಯ ಚಿತ್ರಕ್ಕೆ ಪೊಂಗಲಿನಲ್ಲಿ ಹಾರ ಬೀಳುತ್ತದೆ. ನಾನು ಕೇರಳದ ರೇಷನ್ ಕಾರ್ಡಿನವನು; ಆ ಅಣೆಕಟ್ಟಿನ ಮಾತು ಬಂದಾಗಲೆಲ್ಲ ಬಾಯಿಗೆ ವೀಳ್ಯದೆಲೆ ಹಾಕಿಕೊಂಡು ಕುಳಿತೆ. ನೀರು ಮುಟ್ಟದ ಕಡೆ ಮಾತ್ರ ನೆಲ ತನ್ನ ಹಳೆಯ ರೂಪದಲ್ಲೇ ಇದೆ: ಕಲ್ಲು, ಮುಳ್ಳು, ಕುರುಚಲು.

ಈ ಕಣಿವೆಯಲ್ಲಿ ಕನ್ನಡವಿದೆ ಎಂಬುದು ನಮ್ಮ ಕಡೆಯ ಎಷ್ಟೋ ಜನರಿಗೆ ತಿಳಿದಿಲ್ಲ. ಕಾಪ್ಪಿಲಿಯರ್ ಎಂದು ಹೊರಗಿನವರು ಕರೆಯುವ ಒಕ್ಕಲಿಗ ಗೌಡರು ತಲೆಮಾರುಗಳಿಂದ ಇಲ್ಲಿ ಬೇಸಾಯ ಮಾಡಿಕೊಂಡು, ದನ ಮೇಯಿಸಿಕೊಂಡು ಬಾಳುತ್ತಿದ್ದಾರೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಬರೆಯುವುದೆಲ್ಲ ತಮಿಳಿನಲ್ಲೇ. ಕಂಬಂ ಊರಿನೊಳಗೆ ಅವರದೊಂದು ನಂದಗೋಪಾಲನ ದನದ ತೊಳು ಇದೆ. ತೊಳು ಎಂದರೆ ನಮ್ಮ ದೊಡ್ಡಿ. ದೇವರಿಗೆ ಬಿಟ್ಟ ‘ತಂಬಿರಾನ್ ಮಾಡು’ಗಳನ್ನು ಮಾಟ್ಟುಪ್ಪೊಂಗಲಿನ ದಿನ ನೋಡಲು ಸುತ್ತಲಿನ ಊರವರೆಲ್ಲ ನೆರೆಯುತ್ತಾರೆ. 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ, ಆಮೇಲೆ 1909ರಲ್ಲಿ ಥರ್ಸ್ಟನ್ನನ ಗ್ರಂಥದಲ್ಲಿ ಈ ಹಿಂಡಿನ ಅರಸನಾದ ‘ಪಟ್ಟದ ಆವು’ವಿನ ವರ್ಣನೆ ಇದೆ. ಅರಸ ಸತ್ತರೆ ವಿಧಿಪೂರ್ವಕ ಹೂಳುತ್ತಾರೆ. ಬಳಿಕ ಹಿಂಡಿನ ಮುಂದೆ ಕಬ್ಬು ಇಡುತ್ತಾರೆ; ಮೊದಲು ಬಂದು ಬಾಯಿ ಹಾಕಿದ್ದೇ ಮುಂದಿನ ಅರಸ. ‘ಆವು’ ಎಂಬ ಮಾತನ್ನು ನಾನು ಹಳಗನ್ನಡದ ತರಗತಿಯಲ್ಲಿ ಓದಿದ್ದೆ. ಇಂಗ್ಲಿಷ್ ದೊರೆಗಳ ಪುಸ್ತಕದಲ್ಲಿ ಅದು ಸಿಗುತ್ತದೆಂದು ಎಣಿಸಿರಲಿಲ್ಲ.

ಸುರುಳಿ ಜಲಪಾತದ ಕಡೆಗೆ ಹೋಗುವ ದಾರಿಯಲ್ಲಿ ಒಂದೆಡೆ ವ್ಯಾನು ನಿಂತಿತು. ಮೂವತ್ತು ಮಕ್ಕಳು, ತಂಗಿ, ನಾನು, ಅರಣ್ಯ ಇಲಾಖೆ ಕಳುಹಿಸಿದ ಒಬ್ಬ ಗಾರ್ಡು. ಅಲ್ಲಿಂದ ಮೇಲಕ್ಕೆ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಮೀಸಲು ಪ್ರದೇಶ. 2021ರ ಫೆಬ್ರವರಿಯಲ್ಲಿ ಘೋಷಣೆಯಾದದ್ದು, ಸಾವಿರ ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ವೈಗೈ ನದಿಯ ತಲೆ ಇರುವುದು ಆ ಬೆಟ್ಟಗಳಲ್ಲೇ. ಗಡಿಕಲ್ಲಿನ ಒಳಗೆ ಒಂದು ಹೆಕ್ಟೇರು, ಹೊರಗೆ ದನಗಳು ದಿನವೂ ಓಡಾಡುವ ಇಳಿಜಾರಿನಲ್ಲಿ ಒಂದು ಹೆಕ್ಟೇರು. ಪ್ರತಿಯೊಂದರಲ್ಲಿ ಹತ್ತು ಚೌಕ ಹಾಕಿ ಅವುಗಳೊಳಗಿನ ಗಿಡಗಳನ್ನು ಎಣಿಸಬೇಕೆಂದು ತಂಗಿಯ ಯೋಜನೆ.

ಕೆಲಸದ ಕ್ರಮ ಸರಳವೇ. ನಾಲ್ಕು ಗೂಟ, ಅಳತೆಯ ಹಗ್ಗ. ಹುಲ್ಲು, ಸಣ್ಣ ಸಸ್ಯಗಳಿಗೆ ಒಂದು ಮೀಟರಿನ ಚೌಕ, ಪೊದೆಗಳಿಗೆ ಐದು ಮೀಟರಿನದು, ಮರಗಳಿಗೆ ಹತ್ತು ಮೀಟರಿನದು. ನಮ್ಮದು ಐದು ಮೀಟರಿನದು. ಚೌಕದೊಳಗೆ ಬೇರೂರಿದ ಒಂದೊಂದು ಜಾತಿಯ ಗಿಡಗಳೆಷ್ಟು ಎಂದು ಬರೆದುಕೊಂಡು, ಎಲ್ಲ ಚೌಕಗಳ ಮೊತ್ತವನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಎಷ್ಟು ಚೌಕಗಳಲ್ಲಿ ಆ ಗಿಡ ಕಂಡಿತು ಎಂದು ನೂರಕ್ಕೆ ಲೆಕ್ಕ ಹಾಕಿದರೆ ಅದು ಆವೃತ್ತಿ. ಇಷ್ಟೇ. ಕಷ್ಟ ಇರುವುದು ಚೌಕವನ್ನು ಎಲ್ಲಿ ಹಾಕಬೇಕು ಎಂಬಲ್ಲಿ.

ಮಕ್ಕಳಿಗೆ ಬಿಟ್ಟರೆ ನೆರಳಿದ್ದಲ್ಲಿ ಹಾಕುತ್ತಾರೆ. ದೊಡ್ಡವರು ಗಿಡ ಹೆಚ್ಚಿದ್ದಲ್ಲಿ ಹಾಕುತ್ತಾರೆ. ಆದ್ದರಿಂದ ಜಾಗವನ್ನು ಆಯ್ಕೆಯಿಲ್ಲದೆ ಆಯ್ಕೆಮಾಡಬೇಕು. ತಂಗಿ ಚೀಟಿ ಎತ್ತಿಸಲು ಹೊರಟಿದ್ದಳು. ನಾನು ಜೇಬಿನಿಂದ ಹತ್ತು ರೂಪಾಯಿಯ ನೋಟುಗಳನ್ನು ತೆಗೆದು, ಕ್ರಮಸಂಖ್ಯೆಯ ಕೊನೆಯ ಎರಡು ಅಂಕೆ ಪೂರ್ವಕ್ಕೆ ಅಷ್ಟು ಮೀಟರು, ಅದರ ಹಿಂದಿನ ಎರಡು ಅಂಕೆ ಉತ್ತರಕ್ಕೆ ಅಷ್ಟು ಮೀಟರು ಎಂದೆ. ಗಂಟಿನಿಂದ ಬಿಡಿಸಿದ ಹೊಸ ನೋಟು ಆಗದು, ಅವು ಒಂದರ ಹಿಂದೆ ಒಂದು ಸಾಲಾಗಿರುತ್ತವೆ; ಚಲಾವಣೆಯಲ್ಲಿ ಕೈ ಬದಲಾಯಿಸಿದ ಹಳೆಯ ನೋಟೇ ಬೇಕು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ವೃತ್ತಿಜ್ಞಾನಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಮೊದಲ ನೋಟು ನಾಲ್ಕನೆಯ ಗುಂಪನ್ನು ಬರಿಯ ಬಂಡೆಯ ಮೇಲೆ ನಿಲ್ಲಿಸಿತು. ಗಡಿಕಲ್ಲಿನ ಹೊರಗಿನ ಇಳಿಜಾರು ಅದು. ಒಂದು ಹುಲ್ಲುಕಡ್ಡಿಯೂ ಇಲ್ಲ. ಗುಂಪಿನ ನಾಯಕ, ಕಪ್ಪು ಕನ್ನಡಕದ ಒಬ್ಬ ಹುಡುಗ, ಹಗ್ಗವನ್ನು ಹತ್ತು ಹೆಜ್ಜೆ ಆಚೆ ಎಳೆಯಲು ಹೊರಟ. ತಂಗಿ ಬಿಡಲಿಲ್ಲ. ‘ಇಲ್ಲೇ ಹಾಕು. ಸೊನ್ನೆ ಎಂದು ಬರೆ.’ ‘ಏನೂ ಇಲ್ಲವಲ್ಲ ಮಿಸ್?’ ‘ಏನೂ ಇಲ್ಲ ಎಂಬುದನ್ನೇ ಬರೆ.’ ನಮ್ಮಲ್ಲೂ ಹಾಗೆಯೇ. ವ್ಯವಹಾರ ನಡೆಯದಿದ್ದರೆ ‘ನಿಲ್’ ಎಂಬ ತಃಖ್ತೆಯನ್ನು ಮೇಲಿನ ಕಚೇರಿಗೆ ಕಳುಹಿಸಲೇಬೇಕು. ಕಳುಹಿಸದ ಶಾಖೆಗೂ ನಿಲ್ ಕಳುಹಿಸಿದ ಶಾಖೆಗೂ ಇರುವ ವ್ಯತ್ಯಾಸವನ್ನು ಹುಡುಗನಿಗೆ ವಿವರಿಸಿದೆ. ಅವನಿಗೆ ಅದು ರುಚಿಸಲಿಲ್ಲ. ಕಾರಣ ಆಮೇಲೆ ತಿಳಿಯಿತು.

ಇನ್ನೊಂದು ತಕರಾರು ಗೆರೆಯದು. ಹಗ್ಗದ ಮೇಲೆಯೇ ನಿಂತ ಗಿಡ ಒಳಗಿನದೋ ಹೊರಗಿನದೋ? ಎಲ್ಲವನ್ನೂ ಸೇರಿಸಿದರೆ ಲೆಕ್ಕ ಉಬ್ಬುತ್ತದೆ, ಎಲ್ಲವನ್ನೂ ಬಿಟ್ಟರೆ ಸೊರಗುತ್ತದೆ. ಅದಕ್ಕೊಂದು ನಿಯಮವಿದೆ: ಮೇಲಿನ ಗೆರೆ, ಬಲದ ಗೆರೆ ಇವುಗಳ ಮೇಲಿನದನ್ನು ಸೇರಿಸು, ಕೆಳಗಿನ ಗೆರೆ, ಎಡದ ಗೆರೆ ಇವುಗಳ ಮೇಲಿನದನ್ನು ಬಿಡು. ರಕ್ತಪರೀಕ್ಷೆಯಲ್ಲಿ ಕಣಗಳನ್ನು ಎಣಿಸುವವರೂ ಹೀಗೆಯೇ ಮಾಡುತ್ತಾರಂತೆ. ಒಟ್ಟು ಲೆಕ್ಕಕ್ಕೆ ಇದು ನ್ಯಾಯವೇ ಸರಿ. ಗೆರೆಯ ಮೇಲೆ ನಿಂತ ಆ ಒಂದು ಗಿಡದ ಮಟ್ಟಿಗೆ ಇದರಲ್ಲಿ ನ್ಯಾಯವೂ ಇಲ್ಲ, ಅನ್ಯಾಯವೂ ಇಲ್ಲ. ಅದು ಯಾವ ಬದಿಯ ಹಗ್ಗಕ್ಕೆ ತಾಗಿತು ಎಂಬುದಷ್ಟೇ. 1956ರ ನವೆಂಬರ ಒಂದರ ಹಗ್ಗವನ್ನೂ 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ದಡದಲ್ಲಿ ಹಿಡಿದು ತೋರಿಸಿದ ಹಗ್ಗವನ್ನೂ ಬಲ್ಲ ಓದುಗರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಈ ಚೌಕದ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಒಬ್ಬ ವಕೀಲ ಎಂದು ತಂಗಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲುಗಳಲ್ಲಿ ರಾಸ್ಕೋ ಪೌಂಡ್, ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬಿಬ್ಬರು ಐದು ಮೀಟರಿನ ಚೌಕ ಹಾಕಿ ಎಣಿಸಿ 1898ರಲ್ಲಿ ಪ್ರಕಟಿಸಿದರು. ಕಣ್ಣಳತೆಯಲ್ಲಿ ‘ಹೇರಳ’, ‘ವಿರಳ’ ಎಂದು ಬರೆದದ್ದಕ್ಕೂ ಎಣಿಸಿದಾಗ ಸಿಕ್ಕಿದ್ದಕ್ಕೂ ಸಂಬಂಧವೇ ಇರಲಿಲ್ಲವಂತೆ. ಆ ಪೌಂಡ್ ಮುಂದೆ ಇಪ್ಪತ್ತು ವರ್ಷ ಹಾರ್ವರ್ಡಿನ ಕಾನೂನು ಶಾಲೆಯ ಡೀನ್ ಆಗಿದ್ದ. ಸಾಕ್ಷಿ ಇಲ್ಲದೆ ತೀರ್ಪು ಕೊಡಬಾರದು ಎಂಬ ಅಭ್ಯಾಸ ಹುಲ್ಲಿನಿಂದ ಬಂತೋ, ಕಾನೂನಿನಿಂದ ಹುಲ್ಲಿಗೆ ಹೋಯಿತೋ!

ಗಿಡಗಳ ಹೆಸರು ಹೇಳುವ ಹೊತ್ತಿಗೆ ನಾನು ವಿದ್ಯಾರ್ಥಿಯಾದೆ. ಇಲ್ಲಿಯ ಮುಖ್ಯ ಮರ ಉಸಿಲೈ. ಮಧುರೆಗೆ ಹೋಗುವ ದಾರಿಯ ಉಸಿಲಂಪಟ್ಟಿಗೆ ಹೆಸರು ಕೊಟ್ಟದ್ದು ಇದೇ ಮರ. ಬಯಲುಸೀಮೆಯ ಕನ್ನಡದಲ್ಲಿ ಚುಜ್ಜಲು; ಎಲೆಯ ಪುಡಿ ತಲೆ ತೊಳೆಯಲು ಒಳ್ಳೆಯದು. ತಮಿಳಿನ ಆವಾರಂ ನಮ್ಮ ಆವರಿಕೆ, ಮಲಯಾಳದ ಆವಿರಂ. ಇಲಂದೈ ನಮ್ಮ ಎಲಚಿ, ಅವರ ಇಲಂತ. ಹಳೆಯ ಗಿಡಗಳಿಗೆಲ್ಲ ಹೀಗೆ ಒಂದೇ ಹೆಸರು ಮೂರು ಬಾಯಿಗಳಲ್ಲಿ ತಿರುಗಿದೆ. ಲಂಟಾನದ ಬಳಿ ಬಂದಾಗ ಮಾತ್ರ ತಮಿಳಿನವರು ಉಣ್ಣಿಚ್ಚೆಡಿ ಎಂದರು, ಮಲಯಾಳದಲ್ಲಿ ಅರಿಪ್ಪೂ, ಕೊಂಗಿಣಿ, ಕನ್ನಡದಲ್ಲಿ ಚದುರಂಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟದ ಅಂದಕ್ಕೆಂದು ಹಡಗಿನಲ್ಲಿ ಬಂದ ಗಿಡ ಅದು. ಪ್ರತಿ ಊರೂ ತನಗೆ ತೋಚಿದಂತೆ ಕರೆಯಿತು. ದನ ಅದನ್ನು ತಿನ್ನುವುದಿಲ್ಲ, ತಿಂದರೆ ಕಾಯಿಲೆ ಬೀಳುತ್ತದೆ.

ಕಪ್ಪು ಕನ್ನಡಕದ ಹುಡುಗನ ವಿಷಯ ಈಗ ಹೇಳಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತಂಗಿಯೂ ನಾನೂ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಅವನು ಹತ್ತಿರ ಬಂದು ಕುಳಿತ. ಅವನ ಕನ್ನಡ ನನಗೆ ಅರ್ಧ ತಿಳಿಯಿತು, ನನ್ನದು ಅವನಿಗೆ ಅರ್ಧ. ಹಸುವಿಗೆ ಅವನು ಆವು ಎಂದಾಗ ನನಗಾದ ಸಂತೋಷವನ್ನು ಅವನಿಗೆ ತಿಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಅವನ ಅಜ್ಜ ಮಲೆಮಾಡು ಸಾಕಿದವರು. ಮಲೆಮಾಡು ಎಂದರೆ ಕೊಟ್ಟಿಗೆ ಕಾಣದ, ಬೆಟ್ಟದಲ್ಲೇ ಮೇಯುವ ನಾಡದನ. ಹಾಲು ಕಡಿಮೆ, ಗೊಬ್ಬರಕ್ಕೆ ಬೆಲೆ. ಮದರಾಸು ಹೈಕೋರ್ಟು 2022ರ ಮಾರ್ಚಿನಲ್ಲಿ ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸಕೂಡದು ಎಂದು ಹೇಳಿ, ಅದೇ ತಿಂಗಳಲ್ಲಿ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ಅಜ್ಜನ ಬೆಟ್ಟ ಮೀಸಲಿನೊಳಗಿತ್ತು. ಅರ್ಧ ಹಿಂಡು ಮಾರಿದರು. ಉಳಿದದ್ದು ನಾವು ಕುಳಿತಿದ್ದ ಈ ಹೊರಗಿನ ಇಳಿಜಾರಿನಲ್ಲಿ, ಕೊಯ್ಲಾದ ಗದ್ದೆಗಳಲ್ಲಿ ಮೇಯುತ್ತದೆ. ಸಾಲಕ್ಕೂ ವಿಮೆಗೂ ಕಿವಿಯಲ್ಲಿ ಹನ್ನೆರಡು ಅಂಕೆಯ ಹಳದಿ ಬಿಲ್ಲೆ ಇರುವ ದನವನ್ನೇ ನಾವು ದನವೆಂದು ಒಪ್ಪುವುದು. ಅಜ್ಜ ಅಂಕೆ ನೋಡುವುದಿಲ್ಲ, ಸಂಜೆ ಒಂದೊಂದನ್ನೂ ಹೆಸರು ಕೂಗಿ ಒಳಗೆ ಬಿಡುತ್ತಾರೆ ಎಂದ ಹುಡುಗ.

ಹೊರಗಿನ ಇಳಿಜಾರಿನ ಬಂಡೆಗೆ ಸೊನ್ನೆ ಬರೆಯಲು ಅವನಿಗೆ ಕೈ ಬಾರದ್ದು ಇದಕ್ಕೆ. ದನ ಮೇಯುವ ಕಡೆ ಗಿಡವಿಲ್ಲ ಎಂದಾಗುತ್ತದಲ್ಲ. ಅದನ್ನು ಯಾರು ನೋಡುತ್ತಾರೆ, ಯಾರಿಗೆ ಕೊಡುತ್ತೀರಿ ಎಂದು ಅವನು ಕೇಳಿದ. ಮೂವತ್ತು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿಗೆ ಅದು ಪಾಠ, ಇವನಿಗೆ ಮನೆಯ ವ್ಯಾಜ್ಯ.

ಸೋಮವಾರ ಶಾಲೆಯಲ್ಲಿ ಕೂಡಿಸಿದರು. ನಾನೂ ಒಂದು ಬೆಂಚಿನ ಕೊನೆಯಲ್ಲಿ ಕುಳಿತೆ. ಮೊಣಕಾಲಿಗಿಂತ ಗಿಡ್ಡವಾದ ಉಸಿಲೈ ಸಸಿಗಳು: ಒಳಗಿನ ಹತ್ತು ಚೌಕಗಳಲ್ಲಿ 19, ಹೊರಗಿನ ಹತ್ತರಲ್ಲಿ 4. ಹುಡುಗ ತಲೆ ತಗ್ಗಿಸಿದ. ಲಂಟಾನದ ಬುಡಗಳು: ಒಳಗೆ 26, ಹೊರಗೆ 11. ತಲೆ ಸ್ವಲ್ಪ ಮೇಲೆ ಬಂತು. ಆಮೇಲೆ ತಂಗಿ ಆವೃತ್ತಿ ಲೆಕ್ಕ ಹಾಕಿಸಿದಳು. ಒಳಗಿನ 19 ಸಸಿಗಳಲ್ಲಿ 15 ಒಂದೇ ಚೌಕದವು, ತಾಯಿಮರದ ಕೆಳಗಿನ ಮರಿಗಳು. ಸಸಿ ಇದ್ದ ಚೌಕಗಳು ಹತ್ತರಲ್ಲಿ ಮೂರೇ. ಹೊರಗಿನ ನಾಲ್ಕು ಸಸಿಗಳು ನಾಲ್ಕು ಬೇರೆ ಬೇರೆ ಚೌಕಗಳಲ್ಲಿದ್ದವು. ಸಾಂದ್ರತೆಯಲ್ಲಿ ಒಳಗಿನದು ಗೆದ್ದಿತು, ಆವೃತ್ತಿಯಲ್ಲಿ ಹೊರಗಿನದು. ಠೇವಣಿಯ ಮೊತ್ತ ಒಂದೇ ಇದ್ದರೂ ಒಬ್ಬ ಶ್ರೀಮಂತನ ಖಾತೆಯಿಂದ ಬಂದ ಮೊತ್ತಕ್ಕೂ ನೂರು ಜನರ ಖಾತೆಯಿಂದ ಬಂದದ್ದಕ್ಕೂ ಎಷ್ಟು ಅಂತರವೆಂದು ಶಾಖೆಯಲ್ಲಿ ಕುಳಿತವನಿಗೆ ಗೊತ್ತು. ಆದರೂ ಇದನ್ನು ಗಿಡದಲ್ಲಿ ನೋಡಿದ್ದು ಹೊಸತು.

ಒಬ್ಬ ಹುಡುಗಿ ಹೆಕ್ಟೇರಿಗೆ ಎಷ್ಟು ಎಂದು ಲೆಕ್ಕ ಹಾಕಿದಳು. ಹೆಕ್ಟೇರಿನಲ್ಲಿ ಇಂಥ ಚೌಕಗಳು 400. ಹತ್ತು ಚೌಕಗಳಲ್ಲಿ ಒಂದೇ ಒಂದು ಗಿಡ ಸಿಕ್ಕಿದರೆ ಹೆಕ್ಟೇರಿಗೆ ನಲವತ್ತು ಎಂದಾಗುತ್ತದೆ! ಒಂದಕ್ಕೆ ನಲವತ್ತು ಕೊಡುವ ಬಡ್ಡಿಯನ್ನು ನಾನು ಯಾವ ಯೋಜನೆಯಲ್ಲೂ ಕಂಡಿಲ್ಲ. ಹಾಗಾಗಿಯೇ ಒಂದು ಗಿಡವನ್ನು ಕರುಣೆಯಿಂದ ಸೇರಿಸುವುದೂ ಕೋಪದಿಂದ ಬಿಡುವುದೂ ಅಷ್ಟು ದೊಡ್ಡ ಮಾತು. ಎರಡು ಇಳಿಜಾರುಗಳಲ್ಲಿ ಕಲ್ಲು, ನೆರಳು, ನೀರು ಒಂದೇ ರೀತಿ ಇಲ್ಲ. ತಲೆಪುಡಿಗೆ ಸೊಪ್ಪು ಕಡಿಯುವವರು ಒಂದು ಕಡೆ ಹೆಚ್ಚು ಬರುತ್ತಾರೆ. ಆಡುಗಳ ಕೆಲಸವನ್ನು ದನದ ಮೇಲೆ ಹಾಕಲಾಗದು. ಇದನ್ನೆಲ್ಲ ಮಕ್ಕಳೇ ಒಂದೊಂದಾಗಿ ಹೇಳಿದರು. ತಂಗಿ ಹಲಗೆಯ ಮೇಲೆ ಬರೆಯುತ್ತ ಹೋದಳು.

ಹಾಗಾದರೆ ಎಣಿಸಿ ಏನಾಯಿತು ಎಂದು ಹುಡುಗ ಕೇಳಿದ. ಅದಕ್ಕೆ ತಂಗಿ ನಮ್ಮ ಕರ್ನಾಟಕದ ಎರಡು ಮಾತು ಹೇಳಿದಳು. ಒಂದು ಸರಿಯಾಗಿ ನಮ್ಮದಲ್ಲ, ನೀಲಗಿರಿಯ ಬದಿಯದು. ಮುದುಮಲೆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರು ಗುರುತು ಮಾಡಿ, ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿಯೊಂದು ಗಿಡಕ್ಕೂ ನಂಬರಿನ ಬಿಲ್ಲೆ ಹಾಕಿದರು. ಅದೇ ಗಿಡಗಳನ್ನು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದಲೇ ಯಾವುದನ್ನು ಆನೆ ಮುರಿಯಿತು, ಯಾವುದು ಬೆಂಕಿಯಲ್ಲಿ ಹೋಯಿತು ಎಂದು ಹೇಳಲು ಅವರಿಗೆ ಸಾಧ್ಯವಾದದ್ದು. ಇನ್ನೊಂದು ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿ 1997ರಲ್ಲಿ ಹಾಕಿದ ಚೌಕಗಳನ್ನೇ 2008ರಲ್ಲಿ ಮತ್ತೆ ಎಣಿಸಿದಾಗ, ಮೊದಲು ನೂರಕ್ಕೆ ಸುಮಾರು 40 ಚೌಕಗಳಲ್ಲಿದ್ದ ಲಂಟಾನ ಸುಮಾರು 80 ಚೌಕಗಳಲ್ಲಿ ಕಂಡಿತು. ಬೆಟ್ಟದ ಸೋಲಿಗರು ಬಹಳ ಹಿಂದಿನಿಂದಲೇ ಹೇಳುತ್ತಿದ್ದರು: ನಾವು ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಯನ್ನು ನಿಲ್ಲಿಸಿದಿರಿ, ಅದರಿಂದ ಲಂಟಾನ ಬಂತು ಎಂದು. ಎಣಿಕೆ ಅವರ ಮಾತಿನ ಪೂರ್ತಿ ಸಾಕ್ಷಿಯಲ್ಲ; ಆದರೆ ಆ ಅಂಕೆ ಬಂದ ಮೇಲೆ ಅವರ ಮಾತನ್ನು ಕಾಡಿನವರ ಹರಟೆ ಎಂದು ತಳ್ಳಿಹಾಕುವುದು ಕಷ್ಟವಾಯಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದರೆ ಇದೇ ಗೂಟ ಬಿಡದೆ ಮತ್ತೆ ಎಣಿಸಬೇಕು’ ಎಂದ. ಬಂಡೆಯ ಸೊನ್ನೆಯನ್ನು ಅವನು ಅಳಿಸಲಿಲ್ಲ. ಅದರ ಬದಿಯಲ್ಲಿ ತಮಿಳಿನಲ್ಲಿ ‘ಪಾರೈ’ ಎಂದು ಬರೆದ. ಬಂಡೆಯಲ್ಲಿ ಗಿಡವಿಲ್ಲದ್ದು ದನದ ತಪ್ಪಲ್ಲ ಎಂದು ಅದರ ಅರ್ಥ. ನನಗೆ ಅದು ಬಹಳ ಸರಿಯಾದ ಷರಾ ಎನಿಸಿತು. ನಮ್ಮ ತಃಖ್ತೆಗಳಲ್ಲಿ ಷರಾ ಕಾಲಮ್ಮು ಯಾವಾಗಲೂ ಖಾಲಿ ಇರುತ್ತದೆ.

ಮಕ್ಕಳ ಚಾರ್ಟು ದಿಂಡಿಗಲ್ಲಿನ ಒಂದು ವಿಜ್ಞಾನ ಪ್ರದರ್ಶನಕ್ಕೆ ಹೋಯಿತು. ತೀರ್ಮಾನ ಎಂಬ ಶೀರ್ಷಿಕೆಯ ಕೆಳಗೆ ಅವರು ಬರೆದದ್ದು ಎರಡೇ ಸಾಲು: ಇಪ್ಪತ್ತು ಚೌಕಗಳು ಇಪ್ಪತ್ತು ಚೌಕಗಳ ವಿಷಯವನ್ನಷ್ಟೇ ಹೇಳುತ್ತವೆ, ಜುಲೈಯಲ್ಲಿ ಮತ್ತೆ ಎಣಿಸುತ್ತೇವೆ. ತೀರ್ಪುಗಾರರೊಬ್ಬರು, ತೀರ್ಮಾನವಿಲ್ಲದ ಪ್ರಯೋಗಕ್ಕೆ ಅಂಕ ಹೇಗೆ ಕೊಡಲಿ ಎಂದರಂತೆ. ಪಕ್ಕದ ಮೇಜಿನ ಜ್ವಾಲಾಮುಖಿಗೆ ಬಹುಮಾನ ಬಂತು. ಸೋಡಾಪುಡಿಗೆ ವಿನಿಗರ್ ಸುರಿದರೆ ನೊರೆ ಉಕ್ಕುತ್ತದೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲವಷ್ಟೆ.

ಜುಲೈಯಲ್ಲಿ ತಂಗಿ ಫೋನು ಮಾಡಿದಳು. ಮಕ್ಕಳು ಹತ್ತನೆಯ ತರಗತಿಗೆ ಹೋಗಿದ್ದಾರೆ, ಹೆತ್ತವರು ಟ್ಯೂಷನ್ ಬಿಡಿಸುವುದಿಲ್ಲ, ಹನ್ನೊಂದು ಮಂದಿ ಮಾತ್ರ ಬಂದರು. ಕಪ್ಪು ಕನ್ನಡಕದವನು ಅಜ್ಜನನ್ನೂ ಕರೆತಂದಿದ್ದ. ಹೊರಗಿನ ಇಳಿಜಾರಿನ ಎರಡು ಚೌಕಗಳ ಗೂಟಗಳನ್ನು ಯಾರೋ ಸೌದೆಗೆ ಕಿತ್ತೊಯ್ದಿದ್ದರು. ಹಳೆಯ ಹತ್ತು ರೂಪಾಯಿ ನೋಟುಗಳ ಸಂಖ್ಯೆ ಬರೆದಿಟ್ಟಿದ್ದರಿಂದ ಜಾಗ ಸಿಕ್ಕಿತು. ಒಳಗಿನ ತಾಯಿಮರದ ಕೆಳಗಿನ ಚೌಕವನ್ನು ಕಾಡುಹಂದಿ ಪೂರ್ತಿ ಅಗೆದುಹಾಕಿತ್ತು. ಹದಿನೈದು ಸಸಿಗಳಲ್ಲಿ ಉಳಿದದ್ದು ಎರಡು, ಅವುಗಳಲ್ಲಿ ಒಂದು ಹಗ್ಗದ ಮೇಲೆಯೇ ನಿಂತಿತ್ತು. ಎಡದ ಹಗ್ಗವೋ ಬಲದ್ದೋ ಎಂದು ಕೇಳಿದೆ. ಎಡದ್ದು ಎಂದಳು. ಅವನು ಒಂದು ಎಂದು ಬರೆದು, ಷರಾದಲ್ಲಿ ಹಂದಿಯ ವಿಷಯವನ್ನೂ ಗೆರೆಯ ವಿಷಯವನ್ನೂ ಬರೆದಿದ್ದಾನಂತೆ.